ಮಂದ್ರದವನ ಹೆಸರು



ಪಾಪನಿವೇದನೆಯನ್ನು ಆಲಿಸುವುದು ಗುರುಗಳ ಕೆಲಸವೆಂದು ನಾವೆಲ್ಲರೂ ಬಲ್ಲೆವು. ಅದನ್ನು ಮಾಡಿಕೊಳ್ಳುವುದೂ ಅವರ ಕೆಲಸವೇ. ಈ ಬರಹವನ್ನು ಅಂಥದೊಂದು ನಿವೇದನೆಯಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ನಾನು ಬಳ್ಳಾರಿಯಲ್ಲಿ ಸೇವೆಯಲ್ಲಿದ್ದಾಗ ನಮ್ಮ ಧರ್ಮಕೇಂದ್ರದ ವಾರ್ಷಿಕ ಹಬ್ಬ ನಡೆದಿತ್ತು. ಸಾಂಭ್ರಮಿಕ ಬಲಿಪೂಜೆ ಮುಗಿದ ಮೇಲೆ ವಂದನಾರ್ಪಣೆಗೆ ನಿಂತೆ. ಪೀಠವನ್ನು ಹೂವಿನಿಂದ ಅಲಂಕರಿಸಿದವರು, ಶಾಮಿಯಾನ ಹಾಕಿಸಿದವರು, ಅಡುಗೆಯ ಉಸ್ತುವಾರಿ ಹೊತ್ತವರು, ಗಾನವೃಂದದ ಹೆಣ್ಣುಮಕ್ಕಳು, ಕೀಬೋರ್ಡ್ ನುಡಿಸಿದವರು, ತಬಲ ನುಡಿಸಿದವರು, ಹೀಗೆ ಎಲ್ಲರನ್ನೂ ಹೆಸರು ಹಿಡಿದು ನೆನೆದೆ. ರಾತ್ರಿ ಊಟಕ್ಕೆ ಕುಳಿತಾಗಲಷ್ಟೇ ನೆನಪಾಯಿತು: ಗಾನವೃಂದದ ಹಿಂಬದಿಯಲ್ಲಿ, ಕಂಬಕ್ಕೆ ಒರಗಿದಂತೆ ನಿಂತು, ಎರಡು ತಾಸು ಬೇಸ್ ಗಿಟಾರ್ ನುಡಿಸಿದ ಯುವಕನ ಹೆಸರನ್ನು ನಾನು ಹೇಳಿರಲಿಲ್ಲ. ಮರುದಿನ ಅವನನ್ನು ಕರೆಸಿ ಕ್ಷಮೆ ಕೇಳಿದೆ. ಅವನು ನಕ್ಕ. "ಇರ್ಲಿ ಬಿಡ್ರಿ ಫಾದರ್. ನಮ್ಮ ವಾದ್ಯಾನೇ ಹಂಗ. ನುಡಿಸ್ತಿದ್ರ ಯಾರಿಗೂ ಗೊತ್ತಾಗಲ್ಲ, ನಿಲ್ಲಿಸಿದ್ರ ಗೊತ್ತಾಗ್ತೈತಿ," ಎಂದ.

ಆ ಮಾತು ನನಗೆ ಬಹಳ ಹಿಡಿಸಿತು. ಗುರುಗಳಾದ ನಮಗೆ ಇಂಥ ಮಾತು ಸಿಕ್ಕರೆ ಸುಮ್ಮನಿರುತ್ತೇವೆಯೇ? ಮುಂದಿನ ಎರಡು ಭಾನುವಾರಗಳ ಪ್ರಬೋಧನೆಯಲ್ಲಿ ಅದನ್ನು ಬಳಸಿಕೊಂಡೆ. ಕಾಣಿಸಿಕೊಳ್ಳದೆ ಸೇವೆ ಸಲ್ಲಿಸುವವನ ದೀನತೆ, ಸುವಾರ್ತೆಯಲ್ಲಿ ಒಂದು ಮಾತೂ ಆಡದ ಸಂತ ಯೋಸೇಫರು, ಅಡಿಪಾಯದ ಕಲ್ಲು ಇತ್ಯಾದಿ. ಜನರಿಗೆ ಮೆಚ್ಚುಗೆಯಾಯಿತು. ಆದರೆ ದಿನಕಳೆದಂತೆ ನನ್ನ ಪ್ರಬೋಧನೆಯೇ ನನ್ನನ್ನು ಚುಚ್ಚತೊಡಗಿತು. ಆ ಯುವಕನ ಹೆಸರನ್ನು ಹೇಳಲು ಮರೆತವನು ನಾನು. ಆ ಮರೆವನ್ನು ಅವನ ಸದ್ಗುಣವೆಂದು ಹೊಗಳಿ, ನನ್ನ ತಪ್ಪಿಗೆ ಧಾರ್ಮಿಕ ಹೊದಿಕೆ ಹೊದಿಸಿದವನೂ ನಾನೇ. ಈ ವಿಷಯವನ್ನು ನಿಮ್ಮೊಡನೆ ವಿಚಾರ ಮಾಡಬೇಕೆನಿಸಿತು. ಅದಕ್ಕೆ ಮೊದಲು ಈ ವಾದ್ಯ ಮಾಡುವ ಕೆಲಸವಾದರೂ ಏನೆಂಬುದನ್ನು ನೋಡೋಣ. ಕೆಲಸವನ್ನೇ ಅರಿಯದೆ ಕೆಲಸಗಾರನನ್ನು ಗೌರವಿಸುವುದು ಬರಿಯ ಶಿಷ್ಟಾಚಾರವಾದೀತು.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳಿಗಿಂತ ಅವು ಒಂದು ಸ್ಥಾಯಿ ಕೆಳಗೆ ನುಡಿಯುತ್ತವೆ. ಅತ್ಯಂತ ದಪ್ಪನೆಯ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಮಾತ್ರ ಕಂಪಿಸುತ್ತದೆ. ಅದು ಕಿವಿಗೆ ಕೇಳಿಸುವುದಕ್ಕಿಂತ ಹೆಚ್ಚಾಗಿ ಎದೆಗೆ ತಾಗುತ್ತದೆ. ಇದಕ್ಕೂ ಮೊದಲು ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಆ ಸ್ಥಾನದಲ್ಲಿದ್ದುದು ಆಳೆತ್ತರದ ಡಬಲ್ ಬೇಸ್. ಹೊತ್ತು ತಿರುಗಲು ಕಷ್ಟ, ಗದ್ದಲದಲ್ಲಿ ಕೇಳಿಸುವುದೂ ಇಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ರೇಡಿಯೊ ರಿಪೇರಿ ಅಂಗಡಿಯಿಂದ ಜೀವನ ಆರಂಭಿಸಿದ್ದ ಲಿಯೋ ಫೆಂಡರ್ ಎಂಬುವರು 1951ರಲ್ಲಿ ಪ್ರಿಸಿಷನ್ ಬೇಸ್ ಎಂಬ ವಿದ್ಯುತ್ ವಾದ್ಯವನ್ನು ಮಾರುಕಟ್ಟೆಗೆ ತಂದರು. ಕೊರಳಿಗೆ ತೂಗುಹಾಕಿಕೊಂಡು ನಿಂತೇ ನುಡಿಸಬಹುದಾದ ಮಂದ್ರವಾದ್ಯ ಹೀಗೆ ಜನರ ಕೈಗೆ ಬಂತು. ಸ್ವಾರಸ್ಯವೆಂದರೆ ಫೆಂಡರರಿಗೆ ಸ್ವತಃ ಗಿಟಾರ್ ನುಡಿಸಲು ಬರುತ್ತಿರಲಿಲ್ಲ.

ನಮ್ಮ ಸಂಗೀತಕ್ಕೆ ಶ್ರುತಿ ಗೊತ್ತು. ತಂಬೂರಿ ಒಂದೇ ಆಧಾರವನ್ನು ಹಿಡಿದು ನಿಂತಿರುತ್ತದೆ. ಗಾಯಕ ಅದರ ಮೇಲೆ ಸಂಚರಿಸುತ್ತಾನೆ. ನೆಲ ಅಲುಗುವುದಿಲ್ಲ, ನಡೆಯುವವನು ಮಾತ್ರ ನಡೆಯುತ್ತಾನೆ. ಬೇಸ್ ಹಾಗಲ್ಲ. ಇಲ್ಲಿ ನೆಲವೂ ನಡೆಯುತ್ತದೆ. ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಮನೆಯಲ್ಲಿ ಹಾರ್ಮೋನಿಯಂ ಇದ್ದರೆ ಸಾಕು. ಬಲಗೈಯಲ್ಲಿ 'ಪ' ಸ್ವರವನ್ನು ಒತ್ತಿ ಹಿಡಿಯಿರಿ. ಅದರ ಕೆಳಗೆ ಎಡಗೈಯಲ್ಲಿ ಮಂದ್ರದ 'ಸ' ನುಡಿಸಿ. ಮನೆ ಸೇರಿದ ನೆಮ್ಮದಿ ಇದೆ. ಈಗ 'ಪ'ವನ್ನು ಬಿಡದೆ ಕೆಳಗಿನ 'ಸ'ವನ್ನು ಬಿಟ್ಟು ಶುದ್ಧ ಗಾಂಧಾರಕ್ಕೆ ಹೋಗಿ. ನೆಮ್ಮದಿಯೊಳಗೆ ಒಂದು ಮರುಕ ಸೇರಿತು. ಅಲ್ಲಿಂದ ಧೈವತಕ್ಕೆ ಹೋಗಿ. ಯಾರನ್ನೋ ಕಾಯುತ್ತಿರುವಂಥ ಹಂಬಲ. ಮೇಲಿನ ಸ್ವರ ಬದಲಾಗಲೇ ಇಲ್ಲ. ಹಾಡುವವರು ಹಾಡಿದ್ದನ್ನೇ ಹಾಡಿದರು. ಅದರ ಅರ್ಥವನ್ನು ಬದಲಾಯಿಸಿದವನು ಕೆಳಗಿದ್ದವನು. ಬೇಸ್ ವಾದಕ ಕೇವಲ ತಾಳಕ್ಕೆ ಕುಟ್ಟುವವನಲ್ಲವೆಂದು ತಿಳಿಯಲು ಇಷ್ಟು ಸಾಕು. ಆತ ಭಾಷ್ಯಕಾರ. ಮೂಲಪಾಠವನ್ನು ಮುಟ್ಟದೆ ಅದರ ಅರ್ಥವನ್ನು ಬೆಳಗಿಸುವ ವ್ಯಾಖ್ಯಾನಕಾರ.

ಇದನ್ನು ಕನ್ನಡಿಗರಾದ ನಾವು ನಮಗರಿವಿಲ್ಲದಂತೆಯೇ ಕೇಳಿದ್ದೇವೆ. 1981ರಲ್ಲಿ ಶಂಕರ್ ನಾಗ್ ನಿರ್ದೇಶಿಸಿ ನಟಿಸಿದ 'ಗೀತಾ' ಚಿತ್ರದ ಹಾಡುಗಳು ನೆನಪಿವೆಯೇ? ಸಂಗೀತ ಇಳಯರಾಜ ಅವರದು. ಸ್ವತಂತ್ರ ಸಂಗೀತ ನಿರ್ದೇಶಕರಾಗುವ ಮೊದಲು ಅವರು ಕನ್ನಡದ ಹಿರಿಯ ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ಅವರಲ್ಲಿ ಸಹಾಯಕರಾಗಿದ್ದವರು, ಗಿಟಾರ್ ನುಡಿಸುತ್ತಿದ್ದವರು, ಮದರಾಸಿನಲ್ಲಿ ಧನರಾಜ್ ಮಾಸ್ತರರ ಬಳಿ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿದವರು. 'ಗೀತಾ' ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ ಹಾಡಿರುವ ಯುಗಳಗೀತೆಯನ್ನು, ಇಂದಿಗೂ ಆರ್ಕೆಸ್ಟ್ರಾಗಳಲ್ಲಿ ಹಾಡಿಸುವ ಅದೇ ಗೀತೆಯನ್ನು, ಈ ಬಾರಿ ಗಾಯಕರನ್ನು ಬಿಟ್ಟು ಕೆಳಗಿನಿಂದ ಕೇಳಿ. ಬೇಸ್ ಅಲ್ಲಿ ಒಂದೆಡೆ ನಿಲ್ಲುವುದೇ ಇಲ್ಲ. ಅದು ಏರುತ್ತದೆ, ಇಳಿಯುತ್ತದೆ, ಗಾಯಕರು ಉಸಿರೆಳೆದುಕೊಳ್ಳುವ ಜಾಗದಲ್ಲಿ ತಾನೊಂದು ಮಾತು ಸೇರಿಸುತ್ತದೆ. ಅದನ್ನು ಬೇರೆಯಾಗಿ ಕೇಳಿದರೆ ಮತ್ತೊಂದು ಹಾಡೇ ಆದೀತು. ಆದರೆ ಒಮ್ಮೆಯೂ ಅದು ಗಾಯಕರ ಮಾತನ್ನು ಮುಚ್ಚುವುದಿಲ್ಲ. 1983ರ 'ಪಲ್ಲವಿ ಅನುಪಲ್ಲವಿ' ಚಿತ್ರದಲ್ಲೂ ಇದೇ ಗುಣವನ್ನು ಕಾಣಬಹುದು. ನನ್ನ ಅಭಿಪ್ರಾಯದಲ್ಲಿ ಕನ್ನಡ ಚಿತ್ರಗೀತೆ ಮಂದ್ರಸ್ವರಕ್ಕೆ ಮಾತು ಕಲಿಸಿದ್ದು ಈ ಹಾಡುಗಳಲ್ಲಿಯೇ.

ಆ ಕಾಲದಲ್ಲಿ ನಾವು ಇವನ್ನು ಕೇಳಿದ್ದು ಅಂಗೈಯಗಲದ ರೇಡಿಯೊದಲ್ಲಿ. ಅಷ್ಟು ಪುಟ್ಟ ಸ್ಪೀಕರು ಅಷ್ಟು ಕೆಳಗಿನ ಸ್ವರವನ್ನು ನುಡಿಸಲಾರದು. ಅದರ ಮೇಲಿನ ಉಪಸ್ವರಗಳನ್ನಷ್ಟೇ ಅದು ಕೊಡುತ್ತದೆ. ಕೆಳಗಿನದನ್ನು ನಮ್ಮ ಕಿವಿಯೇ ಊಹಿಸಿ ತುಂಬಿಕೊಳ್ಳುತ್ತದೆ. ಇಲ್ಲದ ಸ್ವರದ ಆಧಾರದ ಮೇಲೆ ನಾವು ಹಾಡನ್ನು ಆಸ್ವಾದಿಸಿದೆವು. ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಹಾಗೆಯೇ. ಚಿತ್ರದ ಹೆಸರು, ಸಂಗೀತ ನಿರ್ದೇಶಕರ ಹೆಸರು, ಗಾಯಕರ ಹೆಸರು, ಗೀತರಚನೆಕಾರರ ಹೆಸರು ಇರುತ್ತಿದ್ದವು. ವಾದಕರ ಹೆಸರನ್ನು ಹಾಕುವ ರೂಢಿ ಇರಲಿಲ್ಲ. ಇಳಯರಾಜರ ತಂಡದಲ್ಲಿ ಬಹುಕಾಲ ಬೇಸ್ ನುಡಿಸಿದವರು ಶಶಿಧರನ್ ಎಂಬುವರು. ಎ.ಆರ್. ರಹಮಾನರ ಸಂಗೀತಕ್ಕೆ ದೀರ್ಘಕಾಲ ಬೇಸ್ ನುಡಿಸಿದವರು ಚೆನ್ನೈನ ಕೀತ್ ಪೀಟರ್ಸ್. ಈ ಎರಡು ಹೆಸರುಗಳನ್ನು ಮೊದಲೇ ಕೇಳಿದ್ದವರು ನಿಮ್ಮಲ್ಲಿ ಎಷ್ಟು ಮಂದಿ? ಅವರು ನುಡಿಸಿದ್ದನ್ನು ಕೇಳದವರು ಎಷ್ಟು ಮಂದಿ?

ಇದು ಸಿನಿಮಾದವರದೊಂದೇ ರೂಢಿಯಲ್ಲ. ನಮ್ಮ ಬಳ್ಳಾರಿ ಸೀಮೆ ಹಿಮ್ಮೇಳದ ಸೀಮೆ. ಕುರುಗೋಡು, ಸಿರುಗುಪ್ಪಗಳ ಹಳ್ಳಿಗಳಲ್ಲಿ ಬಯಲಾಟ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮುಂದೆ ಕಿರೀಟ ಭುಜಕೀರ್ತಿಗಳ ಮುಮ್ಮೇಳ. ಹಿಂದೆ ಮದ್ದಳೆ, ತಾಳ, ಮುಖವೀಣೆ, ಹಾರ್ಮೋನಿಯಂಗಳ ಹಿಮ್ಮೇಳ. ಬೆಳಗಿನ ಜಾವದವರೆಗೆ ಪಾತ್ರಧಾರಿಗಳು ಸರದಿಯಂತೆ ಬಂದು ಹೋಗುತ್ತಾರೆ. ಹಿಮ್ಮೇಳದವರು ಕುಳಿತಲ್ಲಿಂದ ಏಳುವುದಿಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು 2014ರಲ್ಲಿ ತೀರಿಕೊಂಡರು. ತಂಬೂರಿ ಹಿಡಿದು ಅವರು ಮಹಾಕಾವ್ಯಗಳನ್ನೇ ನೆನಪಿನಿಂದ ಹಾಡುತ್ತಿದ್ದುದನ್ನು ನಾಡು ಬಲ್ಲದು. ಅವರ ಪಕ್ಕದಲ್ಲಿ ಪುಟ್ಟ ಚರ್ಮವಾದ್ಯ ಬಾರಿಸುತ್ತ ಸೊಲ್ಲಿಗೆ ಸೊಲ್ಲು ಕೂಡಿಸುತ್ತಿದ್ದ ಹೆಣ್ಣುಮಕ್ಕಳಿಲ್ಲದೆ ಆ ಕಥೆ ಒಂದು ಹೆಜ್ಜೆಯೂ ಮುಂದೆ ಸಾಗುತ್ತಿರಲಿಲ್ಲ.

ಇನ್ನೂ ಹಿಂದಕ್ಕೆ ಹೋಗಬಹುದು. ಬಳ್ಳಾರಿ ನಗರದಿಂದ ಕೆಲವೇ ಮೈಲಿ ದೂರದಲ್ಲಿ ಸಂಗನಕಲ್ಲು, ಕುಪ್ಪಗಲ್ಲು ಬೆಟ್ಟಗಳಿವೆ. ಅಲ್ಲಿಯ ಹಿರೇಗುಡ್ಡದ ಕಪ್ಪು ಬಂಡೆಗಳ ಮೇಲೆ ನವಶಿಲಾಯುಗದ ಜನರು ಕೊರೆದ ಎತ್ತುಗಳ, ಮನುಷ್ಯರ ಚಿತ್ರಗಳನ್ನು ವಿದ್ವಾಂಸರು 1892ರಷ್ಟು ಹಿಂದೆಯೇ ಗುರುತಿಸಿದ್ದರು. 2004ರಲ್ಲಿ ನಿಕೋಲ್ ಬೊಯ್ವಿನ್ ಎಂಬ ಪುರಾತತ್ವ ವಿದುಷಿ ಆ ಬಂಡೆಗಳ ಇನ್ನೊಂದು ಗುಣವನ್ನು ಲೋಕದ ಗಮನಕ್ಕೆ ತಂದರು. ಅಲ್ಲಿಯ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಜಾಗಟೆಯಂತೆ ನಿನಾದ ಹೊಮ್ಮುತ್ತದೆ. ಬಡಿದು ಬಡಿದು ಸವೆದ ಗುಳಿಗಳೂ ಅವುಗಳ ಮೇಲಿವೆ. ಚಿತ್ರ ಕೊರೆದವರ ಹೆಸರೂ ಉಳಿದಿಲ್ಲ, ಬಂಡೆ ಬಾರಿಸಿದವರ ಹೆಸರೂ ಉಳಿದಿಲ್ಲ. ಲಿಪಿಯಿಲ್ಲದ ಕಾಲವಾದ್ದರಿಂದ ಅವರನ್ನು ದೂರುವಂತಿಲ್ಲ. ನಮಗೆ ಲಿಪಿಯಿದೆ.

ಲಿಪಿಯಿದ್ದೂ ಹೆಸರು ಬರೆಯದ ಪ್ರಸಂಗಕ್ಕೆ ಈ ವಾದ್ಯದ ಚರಿತ್ರೆಯಲ್ಲಿಯೇ ಒಂದು ದೊಡ್ಡ ನಿದರ್ಶನವಿದೆ. ಅದಕ್ಕಾಗಿ ನಾವು ಬಳ್ಳಾರಿಯಿಂದ ಅಮೆರಿಕದ ಡೆಟ್ರಾಯಿಟ್ ನಗರಕ್ಕೆ ಹೋಗಬೇಕು. 1960ರ ದಶಕದಲ್ಲಿ ಅಲ್ಲಿಯ ಮೋಟೌನ್ ಎಂಬ ಧ್ವನಿಮುದ್ರಣ ಸಂಸ್ಥೆಯಿಂದ ಹೊರಟ ಹಾಡುಗಳು ಲೋಕವನ್ನೇ ಕುಣಿಸಿದವು. ಅವುಗಳಲ್ಲಿ ಬಹುಪಾಲಿಗೆ ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್ ಎಂಬ ಕರಿಯ ಜನಾಂಗದ ಕಲಾವಿದ. 1936ರಲ್ಲಿ ದಕ್ಷಿಣ ಕೆರೊಲೈನಾದಲ್ಲಿ ಹುಟ್ಟಿದ ಇವರು ಹುಡುಗನಾಗಿದ್ದಾಗ ಕೋಲಿಗೆ ರಬ್ಬರು ಕಟ್ಟಿ, ಅದನ್ನು ಇರುವೆಯ ಗೂಡಿಗೆ ಚುಚ್ಚಿ ಮೀಟುತ್ತಿದ್ದರೆಂದು ಅವರ ಚರಿತ್ರೆ ಹೇಳುತ್ತದೆ. ಇರುವೆಗಳು ಕುಣಿಯಲಿ ಎಂದಂತೆ! ಓದಿದಾಗ ನನಗೆ ಎಲ್ಲಮ್ಮನ ಪದ ಹಾಡುವವರ ಕಂಕುಳಲ್ಲಿರುವ ಒಂಟಿ ತಂತಿಯ ಚೌಡಿಕೆ ಕಣ್ಣ ಮುಂದೆ ಬಂತು. ಬಡವರ ಮಂದ್ರವಾದ್ಯ ಎಲ್ಲೆಡೆಯೂ ಒಂದೇ ಬಗೆಯಲ್ಲಿ ಹುಟ್ಟುತ್ತದೆ.

ಜೇಮರ್ಸನ್ ಬಲಗೈಯ ತೋರುಬೆರಳೊಂದರಿಂದಲೇ ನುಡಿಸುತ್ತಿದ್ದರು. ತಂತಿಗಳನ್ನು ಹಳತಾದರೂ ಬದಲಾಯಿಸುತ್ತಿರಲಿಲ್ಲ. ಹಗಲು ಸಂಸ್ಥೆಯ ನೆಲಮಾಳಿಗೆಯ ಸ್ಟುಡಿಯೊದಲ್ಲಿ ದುಡಿಮೆ, ರಾತ್ರಿ ಕ್ಲಬ್ಬುಗಳಲ್ಲಿ ಜಾಝ್. ಅವರ ಮೊದಲಿನ ವಾದಕರಲ್ಲಿ ಬಹುಮಂದಿ ಆಧಾರಸ್ವರವನ್ನು ಲೆಕ್ಕಕ್ಕೆ ಸರಿಯಾಗಿ ಮೀಟಿ ಸುಮ್ಮನಾಗುತ್ತಿದ್ದರು. ಜೇಮರ್ಸನ್ ಆಧಾರಸ್ವರದಿಂದ ಹೊರಟು, ಅನಿರೀಕ್ಷಿತ ದಾರಿಯಲ್ಲಿ ನಡೆದು, ಬೇಕಾದ ಕ್ಷಣಕ್ಕೆ ಸರಿಯಾಗಿ ಮನೆ ಸೇರುತ್ತಿದ್ದರು. ಮುಂದಿನ ಪೀಳಿಗೆಯ ಬೇಸ್ ವಾದಕರೆಲ್ಲರೂ ನೇರವಾಗಿಯೋ ಪರೋಕ್ಷವಾಗಿಯೋ ಇವರ ಶಿಷ್ಯರು. ಆದರೆ ಆ ದಶಕದ ಧ್ವನಿಮುದ್ರಿಕೆಗಳ ಹೊದಿಕೆಯ ಮೇಲೆ ಇವರ ಹೆಸರಿಲ್ಲ. 1971ರಲ್ಲಿ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಹೊರಬಂದಾಗಲಷ್ಟೇ ಸಂಸ್ಥೆಯ ದೊಡ್ಡದೊಂದು ಧ್ವನಿಮುದ್ರಿಕೆಯ ಮೇಲೆ ಅವರ ಹೆಸರು, ಅದೂ ಹೊಗಳಿಕೆಯ ವಿಶೇಷಣದೊಡನೆ, ಅಚ್ಚಾಯಿತು. ಯುದ್ಧ, ಬಡತನ, ಮಾದಕವಸ್ತು, ದೇವರು ಎಂದು ಒಂದು ಸಮಾಜದ ಸಂಕಟವನ್ನೇ ಹಾಡುವ ಕೃತಿ ಅದು. ಗಾಯಕನ ದನಿ ಬೇಡಿಕೊಳ್ಳುತ್ತಿರುವಾಗ ಕೆಳಗಿನ ಬೇಸ್ ಸಮಾಧಾನ ಹೇಳುವುದಿಲ್ಲ. ಜೊತೆಗೆ ನಡೆಯುತ್ತದೆ, ಅಷ್ಟೇ. ರೋಗಿಯ ಮನೆಗೆ ಹೋದಾಗ ಏನು ಮಾತಾಡಬೇಕೆಂದು ತಿಳಿಯದೆ ತಡವರಿಸುವ ನನ್ನಂಥವರು ಅದನ್ನು ಕೇಳಿ ಕಲಿಯುವುದಿದೆ.

ಮರುವರ್ಷ ಸಂಸ್ಥೆ ಲಾಸ್ ಏಂಜಲೀಸಿಗೆ ಸ್ಥಳಾಂತರವಾಯಿತು. ಜೇಮರ್ಸನ್ ಕುಡಿತಕ್ಕೆ ಬಲಿಯಾಗಿದ್ದರು. 1983ರಲ್ಲಿ ಸಂಸ್ಥೆಯ 25 ವರ್ಷಗಳ ಸಂಭ್ರಮವನ್ನು ಟೆಲಿವಿಷನ್ನಿಗಾಗಿ ವೈಭವದಿಂದ ಚಿತ್ರೀಕರಿಸಿದಾಗ ಅವರು ವೇದಿಕೆಯ ಮೇಲಿರಲಿಲ್ಲ; ಪ್ರೇಕ್ಷಕರ ನಡುವೆ ಕುಳಿತು ನೋಡಿದರು. ಅದೇ ವರ್ಷ ಆಗಸ್ಟ್ 2ರಂದು, 47ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ಕುರಿತ ಪುಸ್ತಕ ಬಂದದ್ದು 1989ರಲ್ಲಿ, ಅವರ ತಂಡವನ್ನು ಕುರಿತ ಸಾಕ್ಷ್ಯಚಿತ್ರ ಬಂದದ್ದು 2002ರಲ್ಲಿ. ಅವರ ಕುಡಿತಕ್ಕೆ ಹೆಸರಿಲ್ಲದಿರುವುದೇ ಕಾರಣವೆಂದು ನಾನು ಹೇಳಲಾರೆ. ಮನುಷ್ಯನ ಪತನದ ಕಾರಣಗಳನ್ನು ಅಷ್ಟು ಸುಲಭವಾಗಿ ಬಗೆಹರಿಸುವುದು ಪಾಪನಿವೇದನೆಯ ಪೀಠದಲ್ಲಿ ಕುಳಿತವನಿಗೆ ಸಲ್ಲದು. ಆದರೆ ಸತ್ತ ಮೇಲೆ ಕೊಟ್ಟ ಹೆಸರು ಬದುಕಿದ್ದವನ ಕೈಗೆ ಸೇರಲಿಲ್ಲ ಎಂಬುದಂತೂ ನಿಜ.

ಈಗ ಪವಿತ್ರ ಗ್ರಂಥವನ್ನು ತೆರೆಯಿರಿ. ಪೂರ್ವಕಾಲವೃತ್ತಾಂತದ ಮೊದಲನೆಯ ಗ್ರಂಥ, 15ನೆಯ ಅಧ್ಯಾಯ. ದಾವೀದ ರಾಜ ಒಡಂಬಡಿಕೆಯ ಮಂಜೂಷವನ್ನು ಜೆರುಸಲೇಮಿಗೆ ತರುತ್ತಾನೆ. ಲೇವಿಯರಿಗೆ ವಾದ್ಯಗಳನ್ನು ಹಂಚುತ್ತಾನೆ. ನಾವು ಸಾಮಾನ್ಯವಾಗಿ ಬೇಗಬೇಗನೆ ದಾಟಿಬಿಡುವ ಹೆಸರುಗಳ ಪಟ್ಟಿ ಅಲ್ಲಿದೆ. 21ನೆಯ ವಚನದಲ್ಲಿ ಆರು ಮಂದಿಗೆ 'ಶೆಮಿನೀತ್' ಎಂಬ ಕ್ರಮದಲ್ಲಿ ಕಿನ್ನರಿ ನುಡಿಸುವ ಕೆಲಸ ವಹಿಸಲಾಗಿದೆ. 6 ಮತ್ತು 12ನೆಯ ಕೀರ್ತನೆಗಳ ಶಿರೋನಾಮದಲ್ಲಿಯೂ ಬರುವ ಈ ಹೀಬ್ರೂ ಪದಕ್ಕೆ 'ಎಂಟನೆಯದು' ಎಂದರ್ಥ. ಎಂಟು ತಂತಿಯ ವಾದ್ಯವೆಂದು ಕೆಲವು ವಿದ್ವಾಂಸರು ತಿಳಿಯುತ್ತಾರೆ. ಒಂದು ಸ್ಥಾಯಿ ಕೆಳಗಿನ ಮಂದ್ರವೆಂದು ಹಲವರು ತಿಳಿಯುತ್ತಾರೆ. ಎರಡನೆಯ ಅರ್ಥವನ್ನು ಒಪ್ಪಿದರೆ ಆ ಆರು ಮಂದಿ ಮಂಜೂಷದ ಮುಂದೆ ನಡೆದ ಬೇಸ್ ವಾದಕರು. ಗ್ರಂಥಕರ್ತ ಅವರ ಹೆಸರುಗಳನ್ನು ಬರೆದಿದ್ದಾನೆ: ಮತ್ತಿತ್ಯ, ಎಲೀಫೆಲೇಹು, ಮಿಕ್ನೇಯ, ಓಬೇದೆದೋಮ್, ಯೆಗೀಯೇಲ್, ಅಜಜ್ಯ. ಇವರಲ್ಲಿ ಓಬೇದೆದೋಮ್ ಮತ್ತು ಯೆಗೀಯೇಲ್ ದ್ವಾರಪಾಲಕರೂ ಆಗಿದ್ದರೆಂದು 18ನೆಯ ವಚನ ತಿಳಿಸುತ್ತದೆ. ಬಾಗಿಲು ಕಾಯುವ ಕೆಲಸ ಒಂದು, ಮಂದ್ರ ನುಡಿಸುವ ಕೆಲಸ ಇನ್ನೊಂದು. ಹಗಲು ಜೀನ್ಸ್ ಹೊಲಿಯುವ ಘಟಕದಲ್ಲಿ ದುಡಿದು, ಸಂಜೆ ಟೆಂಪೊ ಹತ್ತಿ ಸಿರುಗುಪ್ಪದ ಮದುವೆಗೋ ಕುರುಗೋಡಿನ ಜಾತ್ರೆಯ ರಸಮಂಜರಿಗೋ ಹೋಗಿ, ನಸುಕಿನಲ್ಲಿ ಮನೆ ಸೇರಿ, ಭಾನುವಾರ ಕಣ್ಣುಜ್ಜಿಕೊಳ್ಳುತ್ತ ಪೂಜೆಗೆ ಬಂದು ನುಡಿಸುತ್ತಿದ್ದ ನಮ್ಮ ಯುವಕನ ವರ್ಗದವರು ಇವರು.

ಮೋಟೌನ್ ಬರೆಯದಿದ್ದುದನ್ನು ಪವಿತ್ರ ಗ್ರಂಥ ಬರೆದಿಟ್ಟಿತು. ಇದನ್ನು ಕಂಡ ಮೇಲೆ ನನ್ನ ಹಳೆಯ ಪ್ರಬೋಧನೆ ನಿಲ್ಲಲಿಲ್ಲ. ಸಂತ ಯೋಸೇಫರು ಸುವಾರ್ತೆಯಲ್ಲಿ ಒಂದು ಮಾತೂ ಆಡಿಲ್ಲ, ನಿಜ; ಆದರೆ ಸುವಾರ್ತೆ ಅವರ ಹೆಸರನ್ನು ಬಿಡಲಿಲ್ಲ. ಬಿಟ್ಟವರು ನಾವು. ರೋಮನ್ ಬಲಿಪೂಜೆಯ ಮುಖ್ಯ ಪ್ರಾರ್ಥನೆಯಲ್ಲಿ ಅವರ ಹೆಸರು ಸೇರಿದ್ದು 1962ರಲ್ಲಿ, ಜಗದ್ಗುರು 23ನೇ ಯೊವಾನ್ನರ ಆದೇಶದಿಂದ. ಉಳಿದ ಮೂರು ಪ್ರಾರ್ಥನೆಗಳಲ್ಲಿ ಸೇರಿದ್ದು 2013ರಲ್ಲಿ, ಜಗದ್ಗುರು ಫ್ರಾನ್ಸಿಸರ ಆರಂಭದ ದಿನಗಳಲ್ಲಿ. ಯೇಸುವಿಗೆ ಕೂಲಿಕೆಲಸ ಕಲಿಸಿದ ಕೈಗಳನ್ನು ಪೀಠದ ಬಳಿ ನೆನೆಯಲು ನಮಗೆ ಅಷ್ಟು ಶತಮಾನಗಳು ಬೇಕಾದವು. ಫಿಲಿಪ್ಪಿಯರಿಗೆ ಬರೆದ ಪತ್ರದ 2ನೆಯ ಅಧ್ಯಾಯವನ್ನೂ ನಾವು ಅರ್ಧವೇ ಓದುತ್ತೇವೆ. ಕ್ರಿಸ್ತರು ತಮ್ಮನ್ನು ಬರಿದುಮಾಡಿಕೊಂಡರು ಎಂಬಲ್ಲಿಗೆ ನಿಲ್ಲಿಸುತ್ತೇವೆ. ಅದೇ ಕಾರಣದಿಂದ ಪಿತನು ಅವರಿಗೆ ಎಲ್ಲ ನಾಮಗಳಿಗೂ ಮೇಲಾದ ನಾಮವನ್ನು ಕೊಟ್ಟನೆಂದು ಸಂತ ಪೌಲರು ಮುಂದುವರಿಸುತ್ತಾರೆ. ತಗ್ಗುವುದು ತಗ್ಗುವವನ ಕೆಲಸ. ಹೆಸರು ಕೊಡುವುದು ಬೇರೆಯವರ ಕೆಲಸ. ಅವನ ಕೆಲಸವನ್ನು ಹೊಗಳುತ್ತ ನಮ್ಮ ಕೆಲಸವನ್ನು ಮರೆಯುವುದಕ್ಕೆ ಭಕ್ತಿಯೆಂದು ಹೆಸರಿಡಬಾರದು.

ಇಷ್ಟಾದರೂ ಕೆಲವರು ಕೇಳಬಹುದು: ದೇವಾಲಯದಲ್ಲಿ ಈ ವಾದ್ಯವಾದರೂ ಏಕೆ? ಪ್ರಶ್ನೆ ಹೊಸದಲ್ಲ. 1903ರಲ್ಲಿ ಸಂತ 10ನೇ ಪಿಯುಸರು ಪಿಯಾನೋವನ್ನೂ ಗದ್ದಲದ ವಾದ್ಯಗಳನ್ನೂ ದೇವಾಲಯದಿಂದ ಹೊರಗಿಟ್ಟಿದ್ದರು. 1963ರಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆ ಪೈಪ್ ಆರ್ಗನ್ನಿನ ಗೌರವವನ್ನು ಎತ್ತಿಹಿಡಿದೂ, ಪವಿತ್ರ ಬಳಕೆಗೆ ಹೊಂದುವ ಇತರ ವಾದ್ಯಗಳಿಗೆ ಸ್ಥಳೀಯ ಅಧಿಕಾರಿಗಳ ಸಮ್ಮತಿಯೊಡನೆ ಬಾಗಿಲು ತೆರೆಯಿತು. 1967ರ ಮಾರ್ಚ್ 5ರಂದು ಪವಿತ್ರ ಸಂಗೀತವನ್ನು ಕುರಿತು ಹೊರಟ ಆದೇಶ ಅಳತೆಗೋಲನ್ನೂ ಕೊಟ್ಟಿತು: ವಾದ್ಯ ಜನರ ಹಾಡಿಗೆ ಆಸರೆಯಾಗಬೇಕು, ಮಾತುಗಳನ್ನು ಮುಚ್ಚಬಾರದು. ಈ ಅಳತೆಗೋಲಿನಿಂದ ನೋಡಿದರೆ, ಹದವರಿತು ನುಡಿಸಿದ ಬೇಸ್ ಗಿಟಾರಿಗಿಂತ ಮಹಾಸಭೆಯ ಆಶಯಕ್ಕೆ ವಿಧೇಯವಾದ ವಾದ್ಯ ಇನ್ನೊಂದಿಲ್ಲ ಎಂಬುದು ನನ್ನ ಮತ. ಹದ ತಪ್ಪಿದರೆ ಅದಕ್ಕಿಂತ ಉಪದ್ರವಕಾರಿಯೂ ಇನ್ನೊಂದಿಲ್ಲ.

ಹದ ತಪ್ಪುವುದು ಎರಡು ಬಗೆಯಲ್ಲಿ. ಒಂದನ್ನು ಬೀದಿಯಲ್ಲಿ ಕಾಣುತ್ತೇವೆ. ಮೆರವಣಿಗೆಯ ಡಿಜೆ ಪೆಟ್ಟಿಗೆಗಳ ಮುಂದೆ ಹುಡುಗರು "ಬೇಸ್ ಜಾಸ್ತಿ ಇಡ್ರಿ" ಎಂದು ಕೂಗುತ್ತಾರೆ. ಮನೆಯ ಕಿಟಕಿಗಳು ನಡುಗುತ್ತವೆ, ಮುದುಕರ ಎದೆ ನಡುಗುತ್ತದೆ. ನಮ್ಮ ಊರುಗಳಲ್ಲಿ ಬೇಸ್ ಎಂಬ ಶಬ್ದಕ್ಕೆ ಇಂದು ಇದೇ ಅರ್ಥ. ಆದರೆ ಅದು ಬೇಸ್ ವಾದನವಲ್ಲ, ಬರಿಯ ತೂಕ. ಅಲ್ಲಿ ಸ್ವರ ಸಂಚರಿಸುವುದಿಲ್ಲ, ಅರ್ಥ ಬದಲಾಗುವುದಿಲ್ಲ.

ಇನ್ನೊಂದು ಬಗೆ ಸದ್ದಿಲ್ಲದ್ದು, ಹಾಗಾಗಿ ಹೆಚ್ಚು ಅಪಾಯದ್ದು. ಆರ್ಕೆಸ್ಟ್ರಾದವರು ಖರ್ಚು ತಗ್ಗಿಸಬೇಕಾದಾಗ ಮೊದಲು ಕೈಬಿಡುವುದು ಬೇಸ್ ವಾದಕನನ್ನು. ಕೀಬೋರ್ಡಿನ ಎಡಗೈ ಇದೆ, ಒಳಗೇ ತುಂಬಿಸಿಟ್ಟ ತಾಳವೂ ಇದೆ, ಇನ್ನೊಬ್ಬನಿಗೇಕೆ ಸಂಬಳ ಎಂಬ ಲೆಕ್ಕ. ನಮ್ಮ ಧರ್ಮಕೇಂದ್ರಗಳೂ ಇದೇ ಲೆಕ್ಕ ಹಾಕಿವೆ. ವಿಮರ್ಶಕನಾಗಿ ಹೇಳುತ್ತೇನೆ, ಲೆಕ್ಕ ತಪ್ಪು. ತುಂಬಿಸಿಟ್ಟ ತಾಳ ಯಾರಿಗಾಗಿಯೂ ಕಾಯುವುದಿಲ್ಲ. ಕಾಣಿಕೆಯ ಗೀತೆಯ ಸಾಲಿನ ಕೊನೆಯಲ್ಲಿ ವಯಸ್ಸಾದ ತಾಯಂದಿರು ಉಸಿರಿಗಾಗಿ ತಡೆಯುತ್ತಾರೆ. ಅಷ್ಟರಲ್ಲಿ ಯಂತ್ರ ಮುಂದಿನ ಸಾಲಿಗೆ ಹೋಗಿರುತ್ತದೆ. ಗಾನವೃಂದ ಯಂತ್ರದ ಹಿಂದೆ ಓಡುತ್ತದೆ, ಸಭೆ ಹಾಡುವುದನ್ನೇ ನಿಲ್ಲಿಸುತ್ತದೆ. ನಮ್ಮ ಯುವಕ ಹಾಗೆ ಮಾಡುತ್ತಿರಲಿಲ್ಲ. ಸಭೆಯ ಕಡೆ ಅವನ ಒಂದು ಕಿವಿ ಇರುತ್ತಿತ್ತು. ಸಾಲಿನ ಕೊನೆಯ ಸ್ವರವನ್ನು ಕೂದಲೆಳೆಯಷ್ಟು ಹಿಡಿದು, ತಾಯಂದಿರು ತಲುಪಿದ ಮೇಲೆಯೇ ಮುಂದಿನದಕ್ಕೆ ಇಳಿಯುತ್ತಿದ್ದ. ತಬಲದವರು ಅವನನ್ನು ನೋಡಿ ನಿಧಾನಿಸುತ್ತಿದ್ದರು. ಇಡೀ ಸಭೆ ಹಾಡುತ್ತಿತ್ತು. ಅಂದು ಹಬ್ಬದ ಹಾಡುಗಾರಿಕೆ ಸೊಗಸಾಗಿತ್ತೆಂದು ಅನೇಕರು ನನ್ನನ್ನು ಅಭಿನಂದಿಸಿದ್ದರು. ಅದರ ಕಾರಣ ನನಗೆ ತಿಳಿದದ್ದು ಅವನು ಇಲ್ಲದ ಭಾನುವಾರಗಳಲ್ಲಿ.

ಕನ್ನಡದಲ್ಲಿ ಈಗ ಒಳ್ಳೆಯ ಮಾದರಿಗಳೂ ಇವೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ರಘು ದೀಕ್ಷಿತ್ ಅವರ ತಂಡ 2008ರಲ್ಲಿ ಹೊರತಂದ ಮೊದಲ ಆಲ್ಬಮ್‌ನಲ್ಲಿ ಶಿಶುನಾಳ ಶರೀಫರ ಗುಡುಗುಡಿಯ ತತ್ವಪದವಿದೆ. ತಂಬೂರಿ, ದಮ್ಮಡಿಗಳಲ್ಲಿ ಕೇಳಿದ್ದ ಪದ. ಆ ವರ್ಷಗಳಲ್ಲಿ ತಂಡದ ಬೇಸ್ ವಾದಕರು ಗೌರವ್ ವಾಜ್. ಪದದ ಹಳೆಯ ಸರಳತೆಯನ್ನು ಕೆಡಿಸದೆ ಕೆಳಗಿನಿಂದ ಅದಕ್ಕೆ ನಡಿಗೆ ಕೊಡುವ ಕೆಲಸ ಬೇಸಿನದು. ಗಿಟಾರುಗಳ ಆರ್ಭಟ ಒಮ್ಮೊಮ್ಮೆ ಶರೀಫರ ನಗುವನ್ನು ಮುಚ್ಚುತ್ತದೆ ಎಂಬುದು ನನ್ನ ತಕರಾರು. ಬೇಸಿನ ಮೇಲೆ ಆ ತಕರಾರಿಲ್ಲ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಅವರ ಕಾರ್ಯಕ್ರಮದಲ್ಲಿ ಇದೇ ತಂಡ ನುಡಿಸಿತು. ಸಿನಿಮಾದ ಸ್ಟುಡಿಯೊದಲ್ಲಿ ಕಾಣದಿದ್ದ ಬೇಸ್ ವಾದಕ ಇಂಥ ತಂಡಗಳಲ್ಲಿ ಕಣ್ಣಿಗೂ ಕಾಣುತ್ತಾನೆ, ಹೆಸರಿನಿಂದಲೂ ಪರಿಚಿತನಾಗುತ್ತಾನೆ. ನಿಮ್ಮ ಮಕ್ಕಳಿಗೆ ಕೇಳಿ, ಅವರಿಗೆ ಈ ಹೆಸರುಗಳು ಗೊತ್ತಿರುತ್ತವೆ.

ನಮ್ಮ ಯುವಕನ ಹೆಸರನ್ನು ನಾನು ಇಲ್ಲಿ ಬರೆದಿಲ್ಲ. ಪತ್ರಿಕೆಯಲ್ಲಿ ಉದಾಹರಣೆಯಾಗಿ ಬರಬೇಕಾದ ಹೆಸರಲ್ಲ ಅದು. ನುಡಿಸಿದ ಜಾಗದಲ್ಲಿ, ನುಡಿಸಿದ ದಿನ ಹೇಳಬೇಕಾದ ಹೆಸರು. ಮರುವರ್ಷದ ಹಬ್ಬಕ್ಕೆ ಗಾನವೃಂದದವರೆಲ್ಲರ ಹೆಸರನ್ನೂ ಅವರವರ ವಾದ್ಯದೊಡನೆ ಬರೆಸಿ ದೇವಾಲಯದ ಸೂಚನಾ ಫಲಕಕ್ಕೆ ಅಂಟಿಸಿದೆ. ವಾದಕರಿಗೆ ಕೊಡುವ ಗೌರವಧನವನ್ನೂ ಆ ವರ್ಷದಿಂದ ಧರ್ಮಕೇಂದ್ರದ ಲೆಕ್ಕದಲ್ಲಿ ಎಲ್ಲರಿಗೂ ಸಮನಾಗಿ ಬರೆದೆವು. ಅಭ್ಯಾಸಕ್ಕೆ ಬಂದ ಯುವಕ ಫಲಕದ ಮುಂದೆ ನಿಂತು ಮೇಲಿನಿಂದ ಕೆಳಗಿನವರೆಗೆ ಓದಿದ. ತನ್ನ ಹೆಸರಿನ ಬಗ್ಗೆ ಏನೂ ಅನ್ನಲಿಲ್ಲ.

"ಮೈಕ್ ಸೆಟ್ಟಿನ ಅಣ್ಣನ ಹೆಸರು ಬಿಟ್ಟೈತಿ ಫಾದರ್," ಎಂದ.

ಪೆನ್ನು ತಂದು ಸೇರಿಸಿದೆ.